ಪದಕ ಕೈಗೆ ಬಂದರೆ ಮೊದಲು ಅಂಚು ಓದಿ

ಸೇನಾ ಪದಕವೊಂದನ್ನು ಗುರುತಿಸಬೇಕೆಂದು ಬರುವವರೆಲ್ಲ ಮೊದಲು ಎತ್ತಿ ತೋರಿಸುವುದು ರಿಬ್ಬನ್. ಬಣ್ಣ ಕಣ್ಣಿಗೆ ಬೀಳುತ್ತದೆ, ಮೊಬೈಲ್‌ನಲ್ಲಿ ಹುಡುಕುವುದಕ್ಕೂ ಸುಲಭ. ನಾನು ಮಾತ್ರ ರಿಬ್ಬನ್ನಿನ ಮಾತನ್ನು ಕೊನೆಯಲ್ಲಿ ಕೇಳುವವಳು. ಕಾರಣ, ಬಿಣಗಾದ ನನ್ನ ಹೊಲಿಗೆ ಅಂಗಡಿಯಲ್ಲಿ ಹಳೆಯ ರಿಬ್ಬನ್ ಬಿಚ್ಚಿ ಹೊಸದನ್ನು ಕೂರಿಸುವವಳು ನಾನೇ. ಕದಂಬ ನೌಕಾನೆಲೆಯ ನಾವಿಕರು ಪದಕಗಳನ್ನು ಸಾಲಾಗಿ ಕಟ್ಟಿಸಿಕೊಳ್ಳಲು ಬರುತ್ತಾರೆ. ಸದಾಶಿವಗಡ, ಮಾಜಾಳಿ, ಅಂಕೋಲಾ ಕಡೆಯವರು ಅಜ್ಜನದೋ ಮಾವನದೋ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಬಣ್ಣ ಮಾಸಿದ ಪಟ್ಟಿ ತೆಗೆದು, ಕೈಗೆ ಸಿಕ್ಕಿದ ಇನ್ನೊಂದನ್ನು ಪೋಣಿಸಿ ಕಳಿಸುವ ದರ್ಜಿಗಳಿಗೆ ನಮ್ಮ ಕಡೆ ಬರವಿಲ್ಲ. ರಿಬ್ಬನ್ ಬದಲಾಗುತ್ತದೆ. ಬಿಲ್ಲೆಯ ಅಂಚಿನ ಲೋಹಕ್ಕೆ ಕುಟ್ಟಿದ ಅಕ್ಷರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಚಿತ್ತಾಕುಲದ ಹೆಂಗಸೊಬ್ಬರು ತಂದ ಪದಕವನ್ನೇ ನೋಡಿ. ಕೇಸರಿ, ಬಿಳಿ, ಹಸಿರು ರಿಬ್ಬನ್ನಿನಲ್ಲಿ ಅದು ತೂಗುತ್ತಿತ್ತು. "ಬಾಯಿ, ನಮ್ಮ ಮಾವನವರು ಸ್ವಾತಂತ್ರ್ಯ ಹೋರಾಟಗಾರರಾಗಿದ್ದರೇ?" ಎಂದು ಕೇಳಿದರು. ಮೂರು ಸಮಪಟ್ಟಿಗಳ ಆ ರಿಬ್ಬನ್ ನಿಜಕ್ಕೂ ಇರುವುದು 1947ರ ಭಾರತ ಸ್ವಾತಂತ್ರ್ಯ ಪದಕಕ್ಕೆ. ಅದನ್ನು ಕೊಟ್ಟದ್ದು ಹೋರಾಟಗಾರರಿಗಲ್ಲ, ಆ ಆಗಸ್ಟ್ 15ರಂದು ಸೇವೆಯಲ್ಲಿದ್ದ ಸೈನಿಕರಿಗೆ. ಅದರ ಒಂದು ಮುಖದಲ್ಲಿ ಅಶೋಕ ಚಕ್ರ, ಚಕ್ರದ ಮೇಲೆ ಬ್ರಿಟಿಷ್ ಕಿರೀಟ, ಸುತ್ತ ಆರನೇ ಜಾರ್ಜ್ ದೊರೆಯ ಹೆಸರು. ಇನ್ನೊಂದು ಮುಖದಲ್ಲಿ ಸಿಂಹಸ್ತಂಭ. ಚಕ್ರ ಮತ್ತು ಕಿರೀಟ ಒಂದೇ ತಗಡಿನಲ್ಲಿ ಕೂಡಿರುವ ಅಂಥ ವಿಚಿತ್ರ ನಮ್ಮ ಪದಕಗಳಲ್ಲಿ ಬೇರೆಲ್ಲೂ ಇಲ್ಲ, ಹಾಗಾಗಿ ಒಮ್ಮೆ ನೋಡಿದವರು ಮರೆಯುವುದಿಲ್ಲ. ಆ ಹೆಂಗಸು ತಂದ ಬಿಲ್ಲೆಯ ಮೇಲೆ ಕಿರೀಟವೂ ಇರಲಿಲ್ಲ, ಚಕ್ರವೂ ಇರಲಿಲ್ಲ. ಪ್ರಭಾವಳಿ ಹೊತ್ತ ಭವಾನಿ ಖಡ್ಗ, ಹಿಂದೆ ಕಮಲ. ಅಂದರೆ 1947ರ ಜನರಲ್ ಸರ್ವಿಸ್ ಮೆಡಲ್. ಇದರ ಸರಿಯಾದ ರಿಬ್ಬನ್ ಕೆಂಪು, ಅದರಲ್ಲಿ ಐದು ಸಣ್ಣ ಹಸಿರು ಗೆರೆ. ರಿಬ್ಬನ್ನಿನ ಮಡಿಕೆಯೊಳಗೆ ಮುಚ್ಚಿಹೋಗಿದ್ದ, ಯಾವ ಕಾರ್ಯಾಚರಣೆಯದೆಂದು ಹೇಳುವ ಲೋಹದ ಅಡ್ಡಪಟ್ಟಿಯನ್ನು ಹೊರಗೆಳೆದಾಗ 'ಗೋವಾ 1961' ಎಂದಿತ್ತು.

"ಹೋರಾಟಗಾರರಲ್ಲ ಅಕ್ಕಾ, ಗೋವಾಕ್ಕೆ ಹೋದ ಸಿಪಾಯಿ" ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು. ನನಗೆ ಆಗಲಿಲ್ಲ. 1961ರ ಡಿಸೆಂಬರ್‌ನ ಆ ಕಾರ್ಯಾಚರಣೆ ಕಾರವಾರದವರಿಗೆ ಓದಿ ತಿಳಿಯಬೇಕಾದ ಇತಿಹಾಸವಲ್ಲ. ನಮ್ಮ ದಡದ ಎದುರಿಗೇ ಕಾಣುವ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು ಐಎನ್‌ಎಸ್ ತ್ರಿಶೂಲ್‌ನಿಂದ ಇಳಿದ ತಂಡದಲ್ಲಿ ನೌಕಾದಳದ ಏಳು ಮಂದಿ ಸತ್ತರು. ಆ ಅಡ್ಡಪಟ್ಟಿಯನ್ನು ಬಟ್ಟೆಯಡಿ ಮುಚ್ಚಿ ಹೊಲಿದ ದರ್ಜಿಗೆ ಅದು ಸೊಗಸು ಕೆಡಿಸುವ ತಗಡಿನ ತುಂಡಾಗಿ ಕಂಡಿರಬೇಕು.

ಹೀಗಾಗಿ ನನ್ನ ಕ್ರಮ ಇದು: ಅಂಚು, ಅಡ್ಡಪಟ್ಟಿ, ಮುಖ, ಕೊನೆಗೆ ರಿಬ್ಬನ್.

ಅಂಚು ಓದಲು ಭೂತಗನ್ನಡಿ ಬೇಕು, ಬೆಳಕು ಒಂದು ಪಕ್ಕದಿಂದ ಬೀಳಬೇಕು. ನೇರ ಬೆಳಕಿನಲ್ಲಿ ಸವೆದ ಅಕ್ಷರ ಮಾಯವಾಗುತ್ತದೆ. ಕಿಟಕಿಯ ಬಳಿ ಬೆಳಗಿನ ಹೊತ್ತು ಪದಕವನ್ನು ನಿಧಾನವಾಗಿ ತಿರುಗಿಸಿದರೆ ಸಾಕು, ದುಬಾರಿ ದೀಪ ಬೇಡ. ಸಾಮಾನ್ಯವಾಗಿ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು, ದಳ ಇರುತ್ತವೆ. ದರ್ಜೆಯೇ ಕಾಲವನ್ನು ಹೇಳಿಬಿಡುತ್ತದೆ. ಜಮಾದಾರ್ ಎಂದಿದ್ದರೆ ಆ ದರ್ಜೆಗೆ ನಾಯಿಬ್ ಸುಬೇದಾರ್ ಎಂಬ ಹೆಸರು ಬರುವ ಮೊದಲಿನದು. ನೌಕಾದಳದವರದಾದರೆ ಆರ್‌ಐಎನ್, ಅಂದರೆ ರಾಯಲ್ ಇಂಡಿಯನ್ ನೇವಿ, ಎಂಬ ಮೂರಕ್ಷರ ನೋಡಿ. ರಾಯಲ್ ಎಂಬುದು 1950ರ ಜನವರಿ 26ರಂದು ಕಳಚಿಬಿತ್ತು, ಆಮೇಲೆ ಬರೀ ಐಎನ್. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಹಳೆಯ ಪದಕಗಳಲ್ಲಿ ದಳದ ಇಂಗ್ಲಿಷ್ ಹೆಸರಿನೊಳಗೆ 'ಎಚ್' ಈಗಿನಂತೆ 'ಟಿ'ಯ ಪಕ್ಕದಲ್ಲಿರದೆ 'ಆರ್'ಗಿಂತ ಮೊದಲು ಬರುತ್ತದೆ, 'ಟಿ' ಜೋಡಿಯಾಗಿರುತ್ತದೆ. ಅದು ಬ್ರಿಟಿಷರ ಕಾಲದ ಕಾಗುಣಿತ. ಅದನ್ನು ತಪ್ಪೆಂದು ತಿಳಿದು ಪದಕವೇ ನಕಲಿ ಎಂದವರನ್ನು ಕಂಡಿದ್ದೇನೆ.

ಅಂಚು ಖಾಲಿಯಿದ್ದರೆ? ಗಾಬರಿ ಬೇಡ. ಎರಡನೇ ಮಹಾಯುದ್ಧದ ನಕ್ಷತ್ರಗಳಿಗೆ, ಅಂದರೆ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕಗಳಿಗೆ, ಓದುವಂಥ ಅಂಚೇ ಇಲ್ಲ. ಹೆಸರಿದ್ದರೆ ಹಿಂಬದಿಯಲ್ಲಿ ಇರುತ್ತದೆ. ಬ್ರಿಟನ್ ತನ್ನ ಸೈನಿಕರಿಗೆ ಹಂಚಿದ ನಕ್ಷತ್ರಗಳ ಹಿಂಬದಿ ಖಾಲಿಯೇ. ಅಲ್ಲದೆ ಸೈನಿಕರು ಅಸಲಿ ಪದಕವನ್ನು ಮನೆಯಲ್ಲಿಟ್ಟು ಪೆರೇಡಿಗೆ ಇನ್ನೊಂದು ಜೊತೆ ಮಾಡಿಸಿಕೊಳ್ಳುವುದು ರೂಢಿ. ದಂಡಿನ ಪೇಟೆಗಳಲ್ಲಿ ಅದು ಬಹಿರಂಗ ವ್ಯಾಪಾರ, ಮೋಸವಲ್ಲ. ಅಂಥ ಜೊತೆ ತಲೆಮಾರು ಕಳೆದ ಮೇಲೆ 'ಅಜ್ಜನ ಅಸಲಿ ಪದಕ' ಎಂದು ಮಾರಾಟಕ್ಕೆ ಬಂದರೆ ಆಗ ಮೋಸ. ಅಚ್ಚಿನಿಂದ ಒತ್ತಿದ ಪದಕದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಮೈಯೆಲ್ಲ ಸಣ್ಣ ಸಣ್ಣ ತೂತು, ಅಕ್ಷರ ಮೊಂಡು, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ.

ಇದಕ್ಕಿಂತ ಜಾಣ ಮೋಸ ಇನ್ನೊಂದಿದೆ. ಪದಕ ಅಸಲಿ, ಹೆಸರು ಬೇರೆ. ಮೂಲ ಹೆಸರನ್ನು ಅರದಿಂದ ಉಜ್ಜಿ, ಮೇಲೆ ಹೆಚ್ಚು ಬೆಲೆ ಬರುವ ದಳದ ಹೆಸರು ಕೆತ್ತುತ್ತಾರೆ. ಇದನ್ನು ಹಿಡಿಯುವುದು ವರ್ನಿಯರ್ ಕ್ಯಾಲಿಪರ್. ಪದಕದ ವ್ಯಾಸವನ್ನು ನಾಲ್ಕೈದು ಕಡೆ ಅಳೆಯಿರಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್. ಎಲ್ಲೆಡೆ ಒಂದೇ ಅಳತೆ ಬಂದು ಹೆಸರಿರುವ ಕಡೆ ಮಾತ್ರ ಕಡಿಮೆಯಾದರೆ ಲೋಹ ಹೋಗಿದೆ ಎಂದರ್ಥ. ಅಕ್ಷರದ ಆಳವನ್ನೂ ನೋಡಿ. ಅಚ್ಚಿನಿಂದ ಕುಟ್ಟಿದ ಅಕ್ಷರಗಳ ಆಳ ಒಂದೇ ಸಮ. ಉಳಿಯಿಂದ ಕೆತ್ತಿದ್ದರಲ್ಲಿ ಗೆರೆ ತೆಳುವಾಗಿ ಶುರುವಾಗಿ ದಪ್ಪವಾಗುತ್ತದೆ. ಕೆತ್ತನೆ ಮಾತ್ರಕ್ಕೆ ನಕಲಿ ಅಲ್ಲ, ಹಳೆಯ ಅಧಿಕಾರಿಗಳ ಪದಕಗಳಲ್ಲಿ ಕೆತ್ತಿದ ಹೆಸರೂ ಇದೆ. ಕೆತ್ತನೆಯೂ ಇದ್ದು ವ್ಯಾಸವೂ ಕುಗ್ಗಿದ್ದರೆ ಹಣದ ಚೀಲ ಮುಚ್ಚಿಕೊಳ್ಳಿ.

ಈಗ ರಿಬ್ಬನ್. ಕೊನೆಯ ಸಾಕ್ಷಿಯೆಂದರೂ ಸಾಕ್ಷಿಯೇ ತಾನೇ, ಅದರಲ್ಲೂ ನನಗೆ ಅನ್ನ ಕೊಡುವ ಸಾಕ್ಷಿ. ನಮ್ಮ ಸೇನಾ ರಿಬ್ಬನ್‌ಗಳ ಅಗಲ 32 ಮಿಲಿಮೀಟರ್. ಗಿಫ್ಟ್ ಅಂಗಡಿಯ ರಿಬ್ಬನ್ ಕೊಂಡಿಗೆ ಸರಿಯಾಗಿ ಕೂರದೇ ಇರುವುದು ಇದಕ್ಕೇ. ಪರಮ ವೀರ ಚಕ್ರಕ್ಕೆ ಗೆರೆಯಿಲ್ಲದ ನೇರಳೆ. ಮಹಾವೀರ ಚಕ್ರಕ್ಕೆ ಅರ್ಧ ಬಿಳಿ, ಅರ್ಧ ಕೇಸರಿ. ವೀರ ಚಕ್ರಕ್ಕೆ ಅರ್ಧ ಕಡುನೀಲಿ, ಅರ್ಧ ಕೇಸರಿ. ವಿಶಿಷ್ಟ ಸೇವಾ ಪದಕಗಳು ಮೂರೂ ಹಳದಿ, ನಡುವೆ ನೀಲಿ ಗೆರೆ: ಪರಮಕ್ಕೆ ಒಂದು, ಅತಿಗೆ ಎರಡು, ಬರೀ ವಿಶಿಷ್ಟಕ್ಕೆ ಮೂರು. ಗೆರೆ ಹೆಚ್ಚಾದಷ್ಟು ಗೌರವ ಕಡಿಮೆ. ಹೊಸದಾಗಿ ಕಲಿಯುವ ಹುಡುಗಿಯರು ಮೊದಲು ಇಲ್ಲೇ ತಲೆಕೆಳಗು ಮಾಡುತ್ತಾರೆ.

ಎರಡನೇ ಮಹಾಯುದ್ಧದ ರಿಬ್ಬನ್‌ಗಳನ್ನು ಯೋಚನೆ ಮಾಡಿ ನೇಯಿಸಿದ್ದಾರೆ. 1939-45 ನಕ್ಷತ್ರಕ್ಕೆ ಕಡುನೀಲಿ, ಕೆಂಪು, ತಿಳಿನೀಲಿ ಸಮಪಟ್ಟಿ: ನೌಕಾದಳ, ಭೂಸೇನೆ, ವಾಯುದಳ. ಕಡುನೀಲಿ ಪಟ್ಟಿಯು, ತೊಟ್ಟವರ ಎಡ ಭುಜದಿಂದ ದೂರಕ್ಕಿರಬೇಕು. ತಿರುಗಿಸಿ ಹೊಲಿದದ್ದು ಕಂಡರೆ ಅದು ಸೇನಾ ದರ್ಜಿಯ ಕೈಕೆಲಸವಲ್ಲ. ಆಫ್ರಿಕಾ ನಕ್ಷತ್ರದ ಮೈ ಮರಳಿನ ಬಣ್ಣ. ಇಟಲಿ ನಕ್ಷತ್ರದಲ್ಲಿ ಆ ದೇಶದ ಧ್ವಜದ ಕೆಂಪು, ಬಿಳಿ, ಹಸಿರು. ಮರಾಠಾ ದಳದವರು ಇಟಲಿಯಲ್ಲಿ ಕಾದಿದ್ದರಿಂದ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಇದು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಬರ್ಮಾ ನಕ್ಷತ್ರಕ್ಕೆ ನಡುವೆ ಅಗಲ ಕೆಂಪು, ಎರಡು ಬದಿ ಕಡುನೀಲಿ, ನೀಲಿಯೊಳಗೆ ಕಿತ್ತಳೆ ಗೆರೆ.

ಕಲಿಯಲು ಕಾರವಾರದಲ್ಲಿ ಒಳ್ಳೆಯ ಜಾಗವೂ ಇದೆ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಮನೆತನದಿಂದ ನಮ್ಮ ಚೆಂಡಿಯಾದವರು, ಸೇನೆಯ ಎಂಜಿನಿಯರಿಂಗ್ ದಳವಾದ ಬಾಂಬೆ ಸ್ಯಾಪರ್ಸ್‌ನವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ಕಡೆಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲು ಗುಂಡಿನ ಸುರಿಮಳೆಯಲ್ಲಿ ನೆಲಬಾಂಬ್ ತೆಗೆದವರು. ಪರಮ ವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ಆ ಪದಕದ ಕಂಚಿನ ಬಿಲ್ಲೆಯಲ್ಲಿ ಇಂದ್ರನ ವಜ್ರಾಯುಧ ನಾಲ್ಕು ಸಲ ಬರುತ್ತದೆ. ಅದನ್ನು ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್, ಯುರೋಪಿನಲ್ಲಿ ಹುಟ್ಟಿ ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದವರು. ಪರಮ ವೀರ ಚಕ್ರ ಮಾರಾಟಕ್ಕಿದೆ ಎಂದು ಯಾರಾದರೂ ನಿಮಗೆ ಫೋಟೊ ಕಳಿಸಿದರೆ ನಗಿ, ಮುಂದೆ ಹೋಗಿ.

ಗೋಕರ್ಣದ ಕಡೆಯಿಂದ ಬೇರೆ ಬಗೆಯ ಸಾಮಾನು ಬರುತ್ತದೆ. ಕಡ್ಡಾಯ ಸೇನಾ ಸೇವೆ ಮುಗಿಸಿದ ಇಸ್ರೇಲಿ ಹುಡುಗ ಹುಡುಗಿಯರು ಕುಡ್ಲೆ, ಓಂ ತೀರಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಹೋಗುವಾಗ ಮನೆ ಬಾಡಿಗೆಗೆ ಕೊಟ್ಟವರಿಗೆ ಟೊಪ್ಪಿಯನ್ನೋ ಪಿನ್ನನ್ನೋ ನೆನಪಿಗೆ ಬಿಟ್ಟುಹೋಗುವುದುಂಟು. ಅವರ ಮೃದು ಟೊಪ್ಪಿಯ ಬಣ್ಣವೇ ದಳವನ್ನು ಹೇಳುತ್ತದೆ: ಗೋಲಾನಿಗೆ ಕಂದು, ಗಿವಾತಿಗೆ ನೇರಳೆ, ಪ್ಯಾರಾಟ್ರೂಪರ್‌ಗೆ ಕೆಂಗಂದು, ಟ್ಯಾಂಕ್ ದಳಕ್ಕೆ ಕಪ್ಪು. ಅಲ್ಲಿ ಶೌರ್ಯಕ್ಕೆ ಮೂರೇ ಪದಕ. 1970ರಲ್ಲಿ ಅವರ ಸಂಸತ್ತು ಕಾನೂನು ಮಾಡಿ ಸ್ಥಾಪಿಸಿದ್ದು. ಮೂರರ ರಿಬ್ಬನ್ನೂ ಗೆರೆಯಿಲ್ಲದ ಒಂದೊಂದೇ ಬಣ್ಣದ್ದು: ಅತ್ಯುನ್ನತವಾದುದಕ್ಕೆ ಹಳದಿ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ನೀಲಿ. ಗೋಕರ್ಣದ ಗೂಡಂಗಡಿಯಲ್ಲಿ ಇವು ಸಿಗುವುದಿಲ್ಲ, ಹಳದಿಯದನ್ನು ಪಡೆದವರೇ ನಲವತ್ತು ಮಂದಿ. ಸಿಗುವುದು ಯುದ್ಧಗಳ ನೆನಪಿನ ಪುಟ್ಟ ಪಟ್ಟಿಗಳು, ದಳದ ಪಿನ್‌ಗಳು. ಇಂಥ ಪಿನ್‌ಗಳನ್ನು ಪ್ರವಾಸಿಗರಿಗೆಂದು ಅಲ್ಲಿಯ ಅಂಗಡಿಗಳಲ್ಲೂ ಮಾರುತ್ತಾರೆ. ಪಟ್ಟಿಗೆ ಓದಲು ಅಂಚಿಲ್ಲ. ಆದ್ದರಿಂದ ಕೊಟ್ಟವರ ಹೆಸರು, ವರ್ಷ, ಅವರೇ ಹೇಳಿದ ದಳ ಬರೆದ ಚೀಟಿ ಜೊತೆಗಿಲ್ಲದಿದ್ದರೆ ಅದಕ್ಕೆ ಬಟ್ಟೆಯ ಬೆಲೆಯಷ್ಟೇ.

ಇಸ್ರೇಲ್ ಹೆಸರು ಬಂದ ಮೇಲೆ ಇದನ್ನೂ ಹೇಳಬೇಕು. ಅಲ್ಲಿಯ ಹೈಫಾ ಪಟ್ಟಣವನ್ನು 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಗೆದ್ದದ್ದು ಕುದುರೆಯೇರಿ ನುಗ್ಗಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು. ಹೆಸರಿನ ಜೊತೆ ಮೈಸೂರು ಲ್ಯಾನ್ಸರ್ಸ್ ಎಂದಿರುವ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಎಲ್ಲಾದರೂ ಕಂಡರೆ ಅದನ್ನು ಅಕ್ಕಸಾಲಿಗರ ತಕ್ಕಡಿಗೆ ಹೋಗಲು ಬಿಡಬೇಡಿ. ನಡುವೆ ಕಿತ್ತಳೆ, ಎರಡೂ ಬದಿ ಬಿಳಿ, ಕಪ್ಪು, ನೀಲಿ ಗೆರೆಗಳಿರುವುದು ಅದರ ರಿಬ್ಬನ್. ಸಾಮಾನ್ಯವಾಗಿ ಅದರ ಜೊತೆಗಿರುವುದು ಕಾಮನಬಿಲ್ಲಿನ ರಿಬ್ಬನ್ನಿನ ವಿಕ್ಟರಿ ಮೆಡಲ್, ರೆಕ್ಕೆಯ ದೇವತೆಯದು. ವಿಕ್ಟರಿ ಕಂಚಿನದಾದ್ದರಿಂದ ಉಳಿದಿದೆ, ಬೆಳ್ಳಿಯದು 1980ರ ಸುಮಾರಿನ ಬೆಲೆಯೇರಿಕೆಯಲ್ಲಿ ಬಹಳ ಕಡೆ ಕರಗಿಹೋಯಿತು.

ಇನ್ನು ನಮ್ಮ ಹವೆಯ ವಿಷಯ. ಉಪ್ಪುಗಾಳಿ, ಜೂನ್‌ನಿಂದ ನಾಲ್ಕು ತಿಂಗಳ ಮಳೆ. ಶಿರಸಿಯ ಮಾಳಿಗೆಯಲ್ಲಿ ಬೂಷ್ಟು, ಕಾರವಾರದ ಕಪಾಟಿನಲ್ಲಿ ಕಿಲುಬು. ಮನೆಯ ಹಿರಿಯರು ಪದಕಗಳನ್ನು ದೀಪದ ಕಂಬಗಳ ಜೊತೆ ಹುಣಸೆಹುಳಿ ಹಾಕಿ ತಿಕ್ಕಿ ಹೊಳಪು ತರುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಹುಳಿ, ಬೂದಿ, ಪಾಲಿಶ್ ಯಾವುದೂ ಬೇಡ. ಪ್ರತಿ ಸಲದ ಉಜ್ಜಾಟದಲ್ಲೂ ಅಂಚಿನ ಹೆಸರು ಸವೆಯುತ್ತದೆ, ಇಷ್ಟೆಲ್ಲ ಹೇಳಿದ್ದೇ ಆ ಹೆಸರಿಗಾಗಿ. ಮೆತ್ತನೆಯ ಒಣ ಹತ್ತಿಬಟ್ಟೆ ಸಾಕು. ಬೆಳ್ಳಿ ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಗೆ ಕರಿ ಗೆರೆ ಹಾಕುತ್ತದೆ. ಅಗ್ಗದ ಪ್ಲಾಸ್ಟಿಕ್ ಲಕೋಟೆಗಳೂ ಕೆಲವು ವರ್ಷಕ್ಕೆ ಅಂಟಾಗಿ ಲೋಹಕ್ಕೆ ಹಸಿರು ಬಳಿಯುತ್ತವೆ. ಒಂದೊಂದನ್ನೂ ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳ ಜೊತೆ ಇಡಿ. ಚೀಟಿಗಳನ್ನು ಮಳೆಗಾಲ ಶುರುವಾಗುವ ಮೊದಲು ಬದಲಾಯಿಸಿ. ರಿಬ್ಬನ್ನಿಗೆ ಉಕ್ಕಿನ ಸೂಜಿಪಿನ್ ಚುಚ್ಚಬೇಡಿ, ಒಂದೇ ಮಳೆಗಾಲಕ್ಕೆ ತುಕ್ಕಿನ ಚುಕ್ಕೆ ಬಟ್ಟೆಗೆ ಇಳಿಯುತ್ತದೆ. ಹತ್ತಿ ನೂಲಿನ ಎರಡು ಹೊಲಿಗೆ ಹಾಕಿದರೆ ಮುಗಿಯಿತು. ಹಳೆಯ ರಿಬ್ಬನ್ ಹರಿದಿದ್ದರೂ ಎಸೆಯದೆ ಬೇರೆ ಲಕೋಟೆಯಲ್ಲಿಡಿ. ಹಿಂಬದಿಯ ಮಡಿಕೆಯೊಳಗೆ ಬಿಸಿಲು ಕಾಣದ ಮೂಲ ಬಣ್ಣ ಉಳಿದಿರುತ್ತದೆ, ಹೊಸದನ್ನು ಹೊಂದಿಸಲು ನಾನು ನೋಡುವುದು ಅದನ್ನೇ.

ಸಂಗ್ರಹಿಸುವವರಿಗೆ ಒಂದೆರಡು ನಿಯಮ. ಒಬ್ಬ ಸೈನಿಕನ ಪದಕಗಳನ್ನು ಒಡೆದು ಒಂದೊಂದಾಗಿ ಕೊಳ್ಳಬೇಡಿ, ಮಾರಲೂಬೇಡಿ. ಐದು ಪದಕಗಳ ಸಾಲು ಒಬ್ಬನ ಇಡೀ ನೌಕರಿ. ಬಿಡಿಬಿಡಿಯಾದ ಮೇಲೆ ಅದನ್ನು ಮತ್ತೆ ಕೂಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಪದಕದ ಜೊತೆ ಬಿಡುಗಡೆ ಪುಸ್ತಕ, ಪಿಂಚಣಿ ಕಾಗದ, ಫೋಟೊ ಇವೆಯೇ ಎಂದು ಕೇಳಿ. ಕಾಗದ ಇಲ್ಲದ ಮನೆಯವರನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಕಳಿಸುತ್ತೇನೆ. ಸೇವಾ ಸಂಖ್ಯೆ ಗೊತ್ತಿದ್ದರೆ ದಳದ ದಾಖಲೆ ಕಚೇರಿಗೆ ಬರೆಯುವ ದಾರಿಯನ್ನು ಅಲ್ಲಿ ಹೇಳುತ್ತಾರೆ. ಶೌರ್ಯ ಪದಕವಾದರೆ ಭಾರತದ ರಾಜಪತ್ರದಲ್ಲಿ ಹೆಸರು ಹುಡುಕಿ, ಅಲ್ಲಿ ಇಲ್ಲದಿದ್ದರೆ ಕಥೆ ಎಷ್ಟೇ ಚೆನ್ನಾಗಿರಲಿ ಹಣ ಕೊಡಬೇಡಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳನ್ನು ವಿದೇಶದ ಹರಾಜಿಗೆ ಅಂಚೆಯಲ್ಲಿ ಕಳಿಸುವ ಯೋಚನೆಯಿದ್ದವರು ಇದನ್ನು ನೆನಪಿಡಬೇಕು.

ಆಗಸ್ಟ್ ಬಂತೆಂದರೆ ಶಾಲೆಯ ನಾಟಕಕ್ಕೆ ಪದಕ ಬಾಡಿಗೆ ಕೇಳಿಕೊಂಡು ಬರುವವರೂ ಇದ್ದಾರೆ. ಅವರಿಗೆ ಕೊಡಲೆಂದೇ ಹರಿದ ರಿಬ್ಬನ್ ಚೂರುಗಳಿಗೆ ಸೋಡಾ ಬಾಟಲಿಯ ಮುಚ್ಚಳ ಹೊಲಿದು ಒಂದು ಡಬ್ಬಿ ತುಂಬಿಸಿಟ್ಟಿದ್ದೇನೆ, ಬಾಡಿಗೆ ತೆಗೆದುಕೊಳ್ಳುವುದಿಲ್ಲ.