ಕೃಷಿ ಹೊಂಡದ ಸಹಾಯಧನ: ಜೆಸಿಬಿ ಕರೆಸುವ ಮೊದಲು ಪಹಣಿ ನೋಡಿ

ಮಣ್ಣು, ಮಳೆನೀರು ಉಳಿಸಲು ಸರ್ಕಾರ ಕೊಡುವ ಜಲಾನಯನ ಯೋಜನೆಯ ದುಡ್ಡಲ್ಲಿ ಜಮೀನು ಕೊಳ್ಳಬಹುದಾ ಅಂತ ನಮ್ಮ ಚಳ್ಳಕೆರೆ ಕಡೆ ಆಗಾಗ ಕೇಳುತ್ತಾರೆ. ಆಗಲ್ಲ. ದುಡ್ಡು ಬರುವುದು ಕೆಲಸಕ್ಕೆ, ಜಾಗ ನಿಮ್ಮದೇ ಇರಬೇಕು. ಇರುವ ಜಮೀನಲ್ಲೇ ಮಳೆನೀರು ನಿಲ್ಲಿಸಲು ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಇದೆ. ಹೊಂಡ ತೋಡಲು ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ. ಲೆಕ್ಕ ಹಾಕುವುದು ಕೃಷಿ ಇಲಾಖೆಯ ದರದ ಮೇಲೆ, ಜೆಸಿಬಿಯವನು ಕೇಳುವ ದುಡ್ಡಿನ ಮೇಲಲ್ಲ.

ಮೊದಲು ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿದ್ದರೆ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ, ಒಬ್ಬಟ್ಟಿನ ಊಟಕ್ಕೆ ಮುಂಚೆಯೇ ಸಹಿ ಮಾಡಿಸಿಬಿಡಿ. ಊಟ ಆದಮೇಲೆ ಹಳೇ ಜಗಳ ಶುರುವಾಗುತ್ತೆ, ಅಲ್ವಾ?

ಆಮೇಲೆ ಎಫ್‌ಐಡಿ, ಅಂದರೆ ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ. ಹೊಂಡ ತೋಡುವ ಸರ್ವೆ ನಂಬರು ಅದರಲ್ಲಿ ಸೇರಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಿ. ಅರ್ಜಿ ಕೊಡುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಮಂಜೂರಾತಿ ಕೈಗೆ ಬರುವ ತನಕ ಗುದ್ದಲಿ ಹಾಕಬೇಡಿ. ಖಾಲಿ ಜಾಗದ್ದು, ತೋಡುವಾಗಿನದು, ಮುಗಿದ ಮೇಲಿನದು, ಮೂರೂ ಫೋಟೊ ನಿಮ್ಮ ಫೋನಿನಲ್ಲೂ ಇರಲಿ.

ಅಳತೆಯಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. 10 ಮೀಟರ್ ಉದ್ದ, 10 ಅಗಲ, 3 ಆಳ ಅಂದರೆ 3 ಲಕ್ಷ ಲೀಟರ್ ಅಂತ ಸುಮ್ನೆ ಗುಣಿಸಬೇಡಿ. ಗೋಡೆ ಇಳಿಜಾರಾಗಿರುತ್ತೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ ಇಳಿಜಾರು ಕೊಟ್ಟರೆ ತಳದಲ್ಲಿ ಉಳಿಯುವುದು 4 ಮೀಟರ್ ಚೌಕ, ಹಿಡಿಯುವ ನೀರು ಸುಮಾರು 1.5 ಲಕ್ಷ ಲೀಟರ್. ಅಷ್ಟೇ ಆಳ, ಅಷ್ಟೇ ಇಳಿಜಾರಿನ 12 ಮೀಟರ್ ಚೌಕದ ಹೊಂಡ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತೆ. ಜಾಗ ಇದ್ದರೆ ದೊಡ್ಡದನ್ನೇ ಕೇಳಿ.

ಹೊಂಡ ಹೊಲದ ತಗ್ಗಿನಲ್ಲಿರಲಿ. ನೀರು ಬರುವ ಬಾಯಿಗೆ ಮುಂಚೆ ಒಂದು ಹೂಳುಗುಂಡಿ, ಹೆಚ್ಚಾದ ನೀರಿಗೆ ಕೋಡಿ. ಕೆಂಪು ಮಣ್ಣಾದರೆ ಪಾಲಿಥಿನ್ ಹೊದಿಕೆ ಬೇಕೇ ಬೇಕು, ಎರೆ ಮಣ್ಣು ತಕ್ಕಮಟ್ಟಿಗೆ ತಾನೇ ನೀರು ಹಿಡಿಯುತ್ತೆ.

ಹೊಂಡದ ಸುತ್ತಲಿನ ಬೇಲಿಯನ್ನು ಸಹಾಯಧನ ಬಂದಮೇಲೆ ಅಂತ ಮುಂದೂಡಬೇಡಿ. ಪಾಲಿಥಿನ್ ಜಾರುತ್ತೆ. ಬಿದ್ದ ಕುರಿ ಹತ್ತಲಾರದು, ಮಗುವೂ ಹತ್ತಲಾರದು. ದಡದ ಗಟ್ಟಿ ಕಂಬಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ, ತುದಿಯನ್ನು ನೀರಿಗೆ ಇಳಿಬಿಡಿ.