ಸ್ಟೇಜ್ ಕಿತ್ತು ಹಾಕಿ ಮಾಡಿದ ಡೀಲರ್ ಮೀಟ್: ನನ್ನ ಅನುಭವ

ಡೀಲರ್ ಮೀಟ್, ಅಂದರೆ ಕಂಪನಿ ತನ್ನ ಡೀಲರುಗಳನ್ನು ಕರೆಸಿ ನಡೆಸುವ ಸಭೆ, ಮಾಡಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಎಂ.ಡಿ. ಮಾತಿಗೆ ನಿಂತ ಹತ್ತು ನಿಮಿಷಕ್ಕೆ ಮುಂದಿನ ಎರಡು ಸಾಲು ಬಿಟ್ಟು ಉಳಿದವರೆಲ್ಲ ಫೋನಿನಲ್ಲಿ ಮುಳುಗಿರುತ್ತಾರೆ. ಅಪ್ಪನ ಬದಲು ಮಗ ಬಂದಿದ್ದರಂತೂ ಮುಗಿಯಿತು. ಇದಕ್ಕೆ ನಮ್ಮ ಈವೆಂಟ್ ಲೈನಿನಲ್ಲಿ ಇದ್ದ ಮದ್ದು ಒಂದೇ: ಇನ್ನೂ ದೊಡ್ಡ ಎಲ್‌ಇಡಿ ವಾಲ್, ಇನ್ನೂ ಜೋರು ಎಂಟ್ರಿ, ಬೆಂಗಳೂರಿನಿಂದ ಆ್ಯಂಕರ್. ನಾನು ಕಳೆದ ವರ್ಷ ಹುಬ್ಬಳ್ಳಿಯಲ್ಲಿ ಒಂದು ಪಂಪ್‌ಸೆಟ್ ಕಂಪನಿಗೆ ಸ್ಟೇಜೇ ಇಲ್ಲದೆ ಮೀಟ್ ಮಾಡಿದೆ. ಆಗದ ಮಾತು ಅಂದವರೇ ಈಗ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ.

ಪ್ಲಾನ್ ಹೇಳಿದಾಗ ನನ್ನ ಸೌಂಡ್ ವೆಂಡರ್ ಅಂದದ್ದು: "ಅಣ್ಣಾ, ಸ್ಟೇಜ್ ಇಲ್ಲದ ಮೀಟ್ ಅಂದ್ರ ಮಂಟಪ ಇಲ್ಲದ ಮದುವಿ ಆಕ್ಕೈತಿ." ಕಂಪನಿಯ ಮಾರ್ಕೆಟಿಂಗ್ ಹೆಡ್ ಬೇರೆ ಕಾರಣಕ್ಕೆ ಹೆದರಿದ್ದರು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ಒಟ್ಟು ಬಜೆಟ್ ಸುಮಾರು ಹದಿನಾಲ್ಕು ಲಕ್ಷ. ಸೆಟ್ ಫ್ಯಾಬ್ರಿಕೇಶನ್ ಒಂದೂವರೆ ಲಕ್ಷ, ಎಲ್‌ಇಡಿ ವಾಲ್ ಐವತ್ತು ಸಾವಿರದ ಹತ್ತಿರ, ಎಂಟ್ರಿ ವಿಡಿಯೊ ಮತ್ತು ಆ್ಯಂಕರ್ ಸೇರಿ ಒಂದು ಲಕ್ಷ. ಇಷ್ಟನ್ನೂ ತೆಗೆದು ಹಾಕಿದೆ. ಹೀಗೆ ಉಳಿತಾಯವಾದ ಮೂರು ಲಕ್ಷದಲ್ಲಿ ದೊಡ್ಡ ಪಾಲು ಹೋದದ್ದು ಒಂದೇ ಕಡೆಗೆ: ಪ್ರತಿ ಡೀಲರ್ ಜೊತೆ ಅವನ ಮೆಕ್ಯಾನಿಕ್‌ನನ್ನೂ ಕರೆಸಿದೆ. ಗದಗ, ಕೊಪ್ಪಳ, ಹಾವೇರಿ, ಬಾಗಲಕೋಟೆ ಕಡೆಯಿಂದ ಇನ್ನೂರು ಚಿಲ್ಲರೆ ಡೀಲರುಗಳು, ನೂರೆಪ್ಪತ್ತರಷ್ಟು ಮೆಕ್ಯಾನಿಕ್‌ಗಳು. ತಲೆಗೆ ಆರುನೂರರಂತೆ ಅವರ ಊಟಕ್ಕೇ ಒಂದು ಲಕ್ಷ, ಬಸ್ ಚಾರ್ಜು ಬೇರೆ. "ಪಾನಾ ಹಿಡಿಯೋ ಹುಡುಗರನ್ನ ಕರೆಸಿ ಏನ್ ಮಾಡ್ತೀರಿ" ಎಂದು ಕಂಪನಿಯಲ್ಲಿ ಕೇಳಿದರು. ಮಾಲೀಕ ದೊಡ್ಡವರ ಎದುರು ಬಾಯಿ ಬಿಡುವುದಿಲ್ಲ. ರೈತನ ಬೈಗುಳ ದಿನಾ ಕೇಳುವವನು ಮೆಕ್ಯಾನಿಕ್, ಅವನು ಬಿಡುತ್ತಾನೆ. ನನ್ನ ಇಡೀ ಪ್ಲಾನ್ ನಿಂತಿದ್ದದ್ದೇ ಇದರ ಮೇಲೆ.

ಹಾಲ್ ನಡುವೆ ಎಂಟಡಿ ಚೌಕದ, ಒಂದಡಿ ಎತ್ತರದ ಪ್ಲಾಟ್‌ಫಾರ್ಮ್. ಸುತ್ತ ರೌಂಡ್ ಟೇಬಲ್‌ಗಳು, ಗೋಡೆಗುಂಟ ಬಾಡಿಗೆ ಟಿ.ವಿ.ಗಳು. ಕಾಟ ಕೊಟ್ಟದ್ದು ಸೌಂಡ್. ರಿಹರ್ಸಲ್‌ನಲ್ಲಿ ಮೈಕ್ ಕೂಗಿದ್ದೇ ಕೂಗಿದ್ದು. ಕೊನೆಗೆ ಪ್ಲಾಟ್‌ಫಾರ್ಮಿನ ನಾಲ್ಕು ಮೂಲೆಗೆ ಹನ್ನೆರಡು ಇಂಚಿನ ಟಾಪ್ ಸ್ಪೀಕರ್‌ಗಳನ್ನು ಹೊರಮುಖವಾಗಿ ಇಟ್ಟು, ಅವುಗಳ ಹಿಂದೆ ನೆಲಕ್ಕೆ ಟೇಪ್ ಹೊಡೆದು, ಮಾತಾಡುವವರು ಆ ಗೆರೆ ದಾಟಬಾರದು ಅಂತ ಮಾಡಿದ ಮೇಲೆ ನಿಂತಿತು.

ಭಾಷಣಕ್ಕೆ ಇಪ್ಪತ್ತು ಸ್ಲೈಡ್, ತಲಾ ಇಪ್ಪತ್ತು ಸೆಕೆಂಡ್, ತಾನೇ ಮುಂದಕ್ಕೆ ಹೋಗುತ್ತದೆ. ಒಟ್ಟು 6 ನಿಮಿಷ 40 ಸೆಕೆಂಡ್. 2003ರಲ್ಲಿ ಟೋಕಿಯೊದ ಇಬ್ಬರು ಆರ್ಕಿಟೆಕ್ಟ್‌ಗಳು, ಕ್ಲೈನ್ ಮತ್ತು ಡೈಥಮ್, ಶುರು ಮಾಡಿದ ಪೆಚಾ ಕುಚಾ ಪದ್ಧತಿ ಇದು. ಪ್ರಾಡಕ್ಟ್ ಹೆಡ್ ಅರವತ್ತು ಸ್ಲೈಡ್ ಹಿಡಿದು ಬಂದಿದ್ದರು. ಅವರ ಜೊತೆ ಒಂದು ಸಂಜೆ ಪೂರ್ತಿ ಕೂತು ಇಳಿಸಿದೆ.

ಜನರನ್ನು ಕುರ್ಚಿಗೆ ಹಿಡಿದಿಟ್ಟದ್ದು ಮಾತ್ರ ವಾಯ್ಸ್ ನೋಟ್. ಹಿಂದಿನ ಮೀಟ್‌ಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಪ್ರಶ್ನೆ ಹಾಕುವ ಆ್ಯಪ್ ಬಳಸಿ ನೋಡಿದ್ದೆ. ಹಾಲ್‌ನಲ್ಲಿ ನೆಟ್‌ವರ್ಕ್ ಸಿಗದು, ಸಿಕ್ಕರೂ ಕನ್ನಡ ಟೈಪಿಂಗ್ ರೂಢಿ ಇಲ್ಲದವರು ಸುಮ್ಮನಾಗುತ್ತಿದ್ದರು. ಈ ಸಲ ಎರಡು ವಾರ ಮೊದಲೇ ಒಂದು ವಾಟ್ಸ್‌ಆ್ಯಪ್ ನಂಬರ್ ಕೊಟ್ಟು, ನಿಮ್ಮ ತಕರಾರು ನಿಮ್ಮ ದನಿಯಲ್ಲೇ ಕಳಿಸಿ, ಹಾಲ್‌ನಲ್ಲಿ ಎಂ.ಡಿ. ಎದುರು ಹಾಕುತ್ತೇವೆ ಅಂದೆವು. ನೂರಾ ಮೂವತ್ತರಷ್ಟು ಬಂದವು. ಮಾರ್ಕೆಟಿಂಗ್ ಹೆಡ್ ಹೆದರಿದ್ದು ಇಲ್ಲಿಯೇ: ಕಂಪನಿ ಮರ್ಯಾದೆ ಹೋಗುತ್ತದೆ ಅಂತ. ಬೈಗುಳ ಇದ್ದರೆ ಮಾತ್ರ ತೆಗೆಯಿರಿ, ತಕರಾರು ತೆಗೆಯಬೇಡಿ ಎಂದು ಪಟ್ಟು ಹಿಡಿದೆ. ಎಂ.ಡಿ. ಒಪ್ಪಿದ್ದರಿಂದ ಬಚಾವ್.

ವಾಯ್ಸ್ ನೋಟ್ ಫೈಲ್‌ಗಳು ಓಪಸ್ ಅನ್ನುವ ಆಡಿಯೊ ಫಾರ್ಮ್ಯಾಟಿನಲ್ಲಿ ಇರುತ್ತವೆ. ಕನ್ವರ್ಟ್ ಮಾಡಿ, ಲೆವೆಲ್ ಸಮ ಮಾಡಿ, ನಲವತ್ತು ಸೆಕೆಂಡಿಗೆ ಕತ್ತರಿಸಿಕೊಳ್ಳಿ. ಇಪ್ಪತ್ತೈದರಷ್ಟು ಹಾಕಿದೆವು. ಯಾವುದರ ನಂತರ ಯಾವುದು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆ ಕ್ರಮ ಹೇಗೆ ಜೋಡಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಮೂರನೆಯದೋ ನಾಲ್ಕನೆಯದೋ ಹೀಗಿತ್ತು: "ಸಾಹೇಬ್ರ, ವಾರಂಟಿ ಕ್ಲೇಮ್ ಹಾಕಿ ಮೂರ್ ತಿಂಗಳಾತ್ರಿ. ರೈತ ದಿನಾ ಬಂದು ನನ್ನ ಅಂಗಡಿ ಮುಂದ ಕುಂದರ್ತಾನ." ಹಾಲ್ ಗಪ್‌ಚುಪ್. ಇಷ್ಟು ರೂಪಾಯಿವರೆಗಿನ ಕ್ಲೇಮ್ ಇನ್ನು ಮುಂದೆ ಹುಬ್ಬಳ್ಳಿ ಬ್ರಾಂಚಿನಲ್ಲೇ ಇತ್ಯರ್ಥ ಎಂದು ಎಂ.ಡಿ. ಅಲ್ಲಿಯೇ ಘೋಷಿಸಿದರು. ಆ್ಯಂಕರ್ ಕೇಳದೆ ಬಿದ್ದ ಅಂಥ ಚಪ್ಪಾಳೆ ನನ್ನ ಸರ್ವಿಸಿನಲ್ಲಿ ಅಪರೂಪ. ಮುಂದಿನದು ತನ್ನ ದನಿಯೇ ಇರಬಹುದು ಅಂತ ಒಬ್ಬರೂ ಏಳಲಿಲ್ಲ.

ಮಧ್ಯಾಹ್ನ ಮಾನೋಬ್ಲಾಕ್ (ಮೋಟರ್, ಪಂಪ್ ಒಟ್ಟಿಗೇ ಇರುವ ಸೆಟ್) ಬಿಚ್ಚಿ, ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಬದಲಿಸುವ ಪಂದ್ಯ. ರೋಣದ ಕಡೆಯ ಹುಡುಗನೊಬ್ಬ ಏಳೆಂಟು ನಿಮಿಷದಲ್ಲಿ ಮುಗಿಸಿ, ಪಕ್ಕದ ಟೇಬಲ್‌ನ ಕಂಪನಿ ಎಂಜಿನಿಯರ್‌ಗೆ, "ಸರ್, ಸೀಲ್ ಉಲ್ಟಾ ಕುಂತೈತಿ ನೋಡ್ರಿ" ಅಂದ. ಡೀಲರುಗಳು ಫೋನ್ ತೆಗೆದದ್ದು ಅದನ್ನು ವಿಡಿಯೊ ಮಾಡಲಿಕ್ಕೆ. ಅಲ್ಲೇ ಟ್ಯಾಂಕ್ ಇಟ್ಟು ಪಂಪ್ ಓಡಿಸಿ ತೋರಿಸುವುದೂ ಇತ್ತು. ಸ್ಟಾರ್ಟ್ ಆಗುವಾಗ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ರಿಹರ್ಸಲ್‌ನಲ್ಲಿ ಸೌಂಡ್ ಕನ್ಸೋಲ್ ರೀಬೂಟ್ ಆಯಿತು. ಪಂಪ್‌ಗೆ ಬೇರೆ ಜನರೇಟರ್, ಕನ್ಸೋಲ್‌ಗೆ ಯುಪಿಎಸ್ ಕೊಡಿ.

ವಿಆರ್ ಕನ್ನಡಕವನ್ನೂ ಒಂದು ಸಲ ಬೇರೆ ಕ್ಲೈಂಟ್‌ಗೆ ಮಾಡಿದ್ದೆ. ಆರು ಸೆಟ್, ಹಾಕಿ ತೆಗೆಯುವುದೂ ಸೇರಿ ಒಬ್ಬರಿಗೆ ಆರು ನಿಮಿಷ, ಗಂಟೆಗೆ ಅರವತ್ತು ಜನ. ನಾನೂರು ಜನರ ಮೀಟ್‌ಗೆ ಅದು ಕ್ಯೂ ಅಷ್ಟೇ. ಆದರೆ ಸೈಲೆಂಟ್ ಡಿಸ್ಕೊ (ಸ್ಪೀಕರ್ ಇಲ್ಲದೆ ಹೆಡ್‌ಫೋನಿನಲ್ಲೇ ಹಾಡು ಕೇಳಿ ಕುಣಿಯುವುದು) ಹೆಡ್‌ಫೋನ್ ಚೆನ್ನಾಗಿ ಉಪಯೋಗಕ್ಕೆ ಬಂತು. ಅದರಲ್ಲಿ ಮೂರು ಚಾನೆಲ್, ಚಾನೆಲ್‌ಗೊಂದು ಬಣ್ಣದ ಲೈಟ್ ಇರುತ್ತವಲ್ಲ, ಬೆಂಗಳೂರಿನ ಒಂದು ಮೀಟ್‌ನಲ್ಲಿ ಕನ್ನಡ, ತಮಿಳು, ಹಿಂದಿ ಅನುವಾದಕ್ಕೆ ಒಂದೊಂದು ಕೊಟ್ಟೆ. ಪೀಸಿಗೆ ಇನ್ನೂರರ ಹತ್ತಿರ ಬಾಡಿಗೆ. ಯಾವ ಬಣ್ಣದ ಲೈಟ್ ಎಷ್ಟು ಉರಿಯುತ್ತಿದೆ ನೋಡಿದರೆ ಯಾವ ಭಾಷೆಯವರು ಎಷ್ಟು ಜನ ಅನ್ನುವುದೂ ತಿಳಿಯುತ್ತದೆ.

ಹುಬ್ಬಳ್ಳಿ ಮೀಟ್‌ನಲ್ಲಿ ಆರ್ಡರ್ ಬುಕಿಂಗ್ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಯಿತು. ನನಗೆ ಪೇಮೆಂಟ್ ಬಂದದ್ದು ಮಾತ್ರ ತಡವಾಗಿ. ಕ್ಲೈಂಟ್ ದುಡ್ಡು ಕೊಡುವ ಮೊದಲೇ ಬಿಲ್ಲಿನ 18% ಜಿಎಸ್‌ಟಿಯನ್ನು ಕೈಯಿಂದ ಕಟ್ಟಿದ್ದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವವರು ಬಿಲ್ ಮೇಲೆ ನಂಬರ್ ಹಾಕಿ. 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮದ (ಆಗಿನ ಕಾಯ್ದೆಯ 43ಬಿ(ಎಚ್)) ಪ್ರಕಾರ, ಸಣ್ಣ ಉದ್ಯಮದ ಬಿಲ್ ಹೆಚ್ಚೆಂದರೆ 45 ದಿನದಲ್ಲಿ ಪಾವತಿಸದಿದ್ದರೆ, ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಕಂಪನಿ ಅದನ್ನು ಖರ್ಚಿಗೆ ತೋರಿಸಬಹುದು. ಮಾರ್ಚ್ ಹತ್ತಿರ ಬಂದಂತೆ ಅಕೌಂಟ್ಸ್‌ನವರು ತಾವೇ ಫೋನ್ ಮಾಡುತ್ತಾರೆ.

ಐನೂರು ಜನ ದಾಟಿದರೆ ಒಂದು ಪ್ಲಾಟ್‌ಫಾರ್ಮ್ ಸಾಲದು, ಹಿಂದಿನ ಟೇಬಲ್‌ಗಳು ಕೈ ಬಿಡುತ್ತವೆ. ಕಲಬುರಗಿಯ ಒಂದು ಸಿಮೆಂಟ್ ಡೀಲರ್ ಮೀಟ್‌ಗೆ ಎರಡು ಪ್ಲಾಟ್‌ಫಾರ್ಮ್ ಹಾಕಿ, ಮೇಸ್ತ್ರಿಗಳನ್ನೂ ಕರೆಸುವ ಕೊಟೇಶನ್ ಈಗಷ್ಟೇ ಕಳಿಸಿದ್ದೇನೆ.