ಒಂಟಿ ಹಳಿಯ ಮೇಲೆ ಎದುರುಬದುರು ರೈಲು: ತುಮಕೂರು–ಅರಸೀಕೆರೆ ಮಾರ್ಗದಲ್ಲಿ ನನ್ನ ಅನುಭವ

ತುಮಕೂರಿನಿಂದ ಅರಸೀಕೆರೆಗೆ ರೈಲು ಹಾದಿ 96 ಕಿಲೋಮೀಟರ್. ನಡುವೆ ಗುಬ್ಬಿ ಮತ್ತು ತಿಪಟೂರನ್ನು ಬಿಟ್ಟರೆ ಪೇಟೆ ಎನ್ನಬಹುದಾದ ದೊಡ್ಡ ಊರು ಮತ್ತೊಂದಿಲ್ಲ. ಆದರೂ ಮಲ್ಲಸಂದ್ರ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ಹೊನ್ನವಳ್ಳಿ ರೋಡ್ ಎಂದು ನಿಲ್ದಾಣಗಳು ಸಾಲುಗಟ್ಟಿವೆ. ಹತ್ತುವವರು ನಾಲ್ಕು ಜನ, ಇಳಿಯುವವರು ಇಬ್ಬರು ಇರುವ ಕಡೆ ಇಷ್ಟೊಂದು ಸ್ಟೇಷನ್ ಏಕೆ ಕಟ್ಟಿದರು ಎಂದು ನನ್ನ ಮೊಮ್ಮಗ ಹಿಂದೊಮ್ಮೆ ಕೇಳಿದ್ದ. ಈ ಭಾಗದಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿ, ಆಮೇಲೆ ಸ್ಟೇಷನ್ ಮಾಸ್ಟರ್ ಆಗಿ ಸೇವೆಯ ಬಹುಪಾಲು ಕಳೆದ ನನಗೆ ಅದರ ಉತ್ತರ ಅಂಗೈಯಷ್ಟು ಪರಿಚಿತ. ಆ ನಿಲ್ದಾಣಗಳನ್ನು ಕಟ್ಟಿದ್ದು ಊರಿಗಾಗಿ ಅಲ್ಲ, ರೈಲಿಗಾಗಿ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಿ ಹೋಗಲು ಎಲ್ಲಾದರೂ ಒಂದು ಜಾಗ ಬೇಕು. ಆ ಜಾಗಕ್ಕೆ ನಾವು ಕ್ರಾಸಿಂಗ್ ಸ್ಟೇಷನ್ ಎನ್ನುತ್ತೇವೆ.

ಈ ಮಾರ್ಗ ಹುಟ್ಟಿದ್ದರ ಹಿಂದೆ ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರಗಾಲ ಎಂದು ನೆನೆಯುತ್ತಿದ್ದ 1876–78ರ ಕ್ಷಾಮವಿದೆ. ಒಂದು ಸೀಮೆಯಲ್ಲಿ ಇದ್ದ ದವಸವನ್ನು ಎತ್ತಿನ ಗಾಡಿಯಲ್ಲಿ ಇನ್ನೊಂದು ಸೀಮೆಗೆ ಸಾಗಿಸುವಷ್ಟರಲ್ಲಿ ಜನರೂ ಎತ್ತುಗಳೂ ಸಾಯುವುದನ್ನು ಕಂಡ ಮೇಲೆ ಮೈಸೂರು ಸಂಸ್ಥಾನದಲ್ಲಿ ರೈಲಿನ ಕೆಲಸ ಚುರುಕಾಯಿತು. ಮೈಸೂರು–ಬೆಂಗಳೂರು ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಮಾರ್ಗ 1882ರಲ್ಲಿ ಪೂರ್ಣಗೊಂಡಿತು. 1884ರಲ್ಲಿ ಹಳಿ ತುಮಕೂರು ಮುಟ್ಟಿ, ಅದೇ ವರ್ಷದ ಕೊನೆಗೆ ಗುಬ್ಬಿಗೂ ಬಂತು. ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಕಾಕತಾಳೀಯ. ಮುಂದಿನ ಐದು ವರ್ಷ ಗುಬ್ಬಿಯೇ ಹಳಿಯ ಕೊನೆ. ಬಳಿಕ ಸದರ್ನ್ ಮರಾಠಾ ರೈಲ್ವೆ ಕಂಪನಿ 1889ರಲ್ಲಿ ಹರಿಹರದವರೆಗೆ ಹಳಿ ಹಾಕಿದ ಮೇಲೆ ಬೆಂಗಳೂರಿಗೂ ಪುಣೆಗೂ ಮೀಟರ್ ಗೇಜ್ ನಂಟು ಬೆಳೆಯಿತು. ನಾನು ಎಪ್ಪತ್ತರ ದಶಕದ ನಡುವಿನಲ್ಲಿ ತಿರುಚಿರಾಪಳ್ಳಿಯ ತರಬೇತಿ ಶಾಲೆಯಿಂದ ಹೊರಬಂದು ಕೆಲಸಕ್ಕೆ ಸೇರುವ ವೇಳೆಗೆ ಮಿರಜ್‌ನಿಂದ ಆಚೆಗೆ ಬ್ರಾಡ್ ಗೇಜ್ (ಅಗಲ ಹಳಿ) ಆಗಿಹೋಗಿತ್ತು. ಹಾಗಾಗಿ ನಮ್ಮ ಪಾಲಿಗೆ ಈ ದಾರಿಯ ಆ ತುದಿ ಮಿರಜ್.

ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಎಂದಿದ್ದರೆ ಊರು ಅಲ್ಲಿಲ್ಲ ಎಂದೇ ಅರ್ಥ. ಸಂಪಿಗೆ ರೋಡ್‌ನಲ್ಲಿ ಇಳಿದವರು ಸಂಪಿಗೆಗೂ, ಹೊನ್ನವಳ್ಳಿ ರೋಡ್‌ನಲ್ಲಿ ಇಳಿದವರು ಹೊನ್ನವಳ್ಳಿಗೂ ಮತ್ತೆ ದಾರಿ ಸವೆಸಬೇಕು. ಹಳಿ ಹಾಕಿದವರು ಏರು ತಗ್ಗು ನೋಡಿ, ಹಿಂದಿನ ಮತ್ತು ಮುಂದಿನ ನಿಲ್ದಾಣದ ನಡುವೆ ರೈಲಿಗೆ ತಗಲುವ ಹೊತ್ತನ್ನು ಲೆಕ್ಕ ಹಾಕಿ ಜಾಗ ಗುರುತಿಸಿದರು. ಹತ್ತಿರದಲ್ಲಿ ಯಾವ ಊರಿತ್ತೋ ಅದರ ಹೆಸರನ್ನು ಎರವಲು ಪಡೆದರು. ಅಂಥ ಕಡೆ ರಾತ್ರಿ ಪಾಳಿ ಎಂದರೆ ಸ್ಟೇಷನ್ ಮಾಸ್ಟರ್, ಹಳಿ ತಿರುಗಿಸುವ ಇಬ್ಬರು ಪಾಯಿಂಟ್ಸ್‌ಮನ್ನರು, ಸೀಮೆಎಣ್ಣೆ ದೀಪ ಮತ್ತು ಸುತ್ತ ತೆಂಗಿನ ತೋಟ.

ಕೆಲಸದ ಜೀವಾಳ ಇದ್ದದ್ದು ನೀಲ್ಸ್ ಟೋಕನ್ ಯಂತ್ರದಲ್ಲಿ. ಕೆಂಪು ಬಣ್ಣದ ಎರಡು ಕಬ್ಬಿಣದ ಪೆಟ್ಟಿಗೆಗಳು ನನ್ನ ಮೇಜಿನ ಆಚೀಚೆ ನಿಂತಿರುತ್ತಿದ್ದವು. ಒಂದು ತುಮಕೂರಿನ ಕಡೆಯ ನೆರೆ ನಿಲ್ದಾಣಕ್ಕೆ, ಇನ್ನೊಂದು ಅರಸೀಕೆರೆ ಕಡೆಯದಕ್ಕೆ ತಂತಿಯಲ್ಲಿ ಜೋಡಿಸಿದ್ದು. ಪ್ರತಿ ಪೆಟ್ಟಿಗೆಯ ಹೊಟ್ಟೆಯಲ್ಲಿ ಲೋಹದ ಗುಂಡುಗಳು. ನಿಂಬೆಹಣ್ಣಿಗಿಂತ ದೊಡ್ಡದು, ಮೋಸಂಬಿಗಿಂತ ಚಿಕ್ಕದು ಎನ್ನುವ ಗಾತ್ರ. ಅವುಗಳ ಮೇಲೆ ಎರಡೂ ನಿಲ್ದಾಣಗಳ ಗುರುತಿನ ಅಕ್ಷರಗಳನ್ನು ಕೆತ್ತಿರುತ್ತಿತ್ತು. ನಾನು ಗಂಟೆ ಒತ್ತಿ ನೆರೆಯವರನ್ನು ಎಚ್ಚರಿಸಿ ‘ಲೈನ್ ಕ್ಲಿಯರ್’ ಕೇಳಬೇಕು. ಅವರು ಹಿಂದಿನ ಗಾಡಿ ಪೂರ್ತಿಯಾಗಿ ಒಳಗೆ ಬಂದಿದೆ, ಹಳಿ ತೆರವಾಗಿದೆ ಎಂದು ಖಾತ್ರಿ ಮಾಡಿಕೊಂಡು ತಮ್ಮ ಯಂತ್ರದ ಹಿಡಿ ತಿರುಗಿಸಿದರೆ ಮಾತ್ರ ಇಲ್ಲಿ ನನ್ನ ಹಿಡಿ ತಿರುಗಿ ಒಂದು ಗುಂಡು ಹೊರಬೀಳುತ್ತಿತ್ತು. ಒಂದು ಹೊರಬಿದ್ದ ಮೇಲೆ ಅದು ಎರಡರಲ್ಲಿ ಒಂದು ಯಂತ್ರದೊಳಗೆ ಮರಳುವ ತನಕ ಎರಡನೆಯ ಗುಂಡು ಯಾವ ಕಡೆಯಿಂದಲೂ ಬರುವುದಿಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಆ ಹಳಿಗೆ ಗಾಡಿ ನುಗ್ಗಿಸುವಂತಿಲ್ಲ. ಇಷ್ಟು ಸರಳವಾದ ಉಪಾಯ ಒಂಟಿ ಹಳಿಯ ಮೇಲೆ ಲಕ್ಷಾಂತರ ಜನರ ಜೀವ ಕಾದಿತ್ತು. ಆಮೇಲೆ ಬಂದ ಯಾವ ಯಂತ್ರದ ಮೇಲೂ ನನಗೆ ಅಷ್ಟು ಗೌರವ ಮೂಡಲಿಲ್ಲ.

ಕ್ರಾಸಿಂಗ್ ಹಾಕುವ ರೀತಿ ಹೀಗಿತ್ತು. ಯಾವ ಗಾಡಿಗಳು ಎಲ್ಲಿ ದಾಟಬೇಕೆಂಬುದನ್ನು ಕಂಟ್ರೋಲ್‌ನವರು ಫೋನಿನಲ್ಲಿ ತಿಳಿಸುತ್ತಿದ್ದರು. ಆದರೆ ಗಾಡಿಯನ್ನು ಬದಿಗೆ ನಿಲ್ಲಿಸುವ ನಮ್ಮ ಲೂಪ್ ಲೈನಿಗಿಂತ ಗೂಡ್ಸ್ ಉದ್ದವಾಗಿದ್ದರೆ ಆಗದು ಎಂದು ಹೇಳುವ ಹೊಣೆ ನಮ್ಮದೇ. ಎರಡು ಗಾಡಿಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬಂದರೂ ಎರಡನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ಒಂದು ಜಾರಿ ಮುಂದಕ್ಕೆ ಬಂದರೆ ಎದುರಿನದಕ್ಕೆ ಹೋಗಿ ತಾಗುತ್ತದೆ. ಆದ್ದರಿಂದ ಒಂದನ್ನು ಸಿಗ್ನಲ್ ಹತ್ತಿರ ತಡೆದು, ಮೊದಲನೆಯದನ್ನು ಲೂಪಿಗೆ ತೆಗೆದುಕೊಂಡು, ಅದರ ಕೊನೆಯ ಡಬ್ಬಿ ಹಳಿಗಳು ಕೂಡುವ ಗುರುತಿನ ಒಳಗೆ ಬಂದು ನಿಂತದ್ದನ್ನು ಕಣ್ಣಾರೆ ನೋಡಬೇಕು. ಹಗಲಿನಲ್ಲಿ ಕೊನೆಯ ಡಬ್ಬಿಯ ಹಿಂದೆ ‘ಎಲ್.ವಿ.’ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಡಬ್ಬಿ) ಫಲಕ, ರಾತ್ರಿ ಕೆಂಪು ದೀಪ. ಅದು ಕಾಣದಿದ್ದರೆ ಗಾಡಿ ನಡುವೆ ತುಂಡಾಗಿ ಅರ್ಧ ಹಿಂದೆಯೇ ಉಳಿದಿರಬಹುದು. ಆಗ ಗುಂಡನ್ನು ಯಂತ್ರಕ್ಕೆ ಹಾಕಲೇಬಾರದು. ದೀಪ ಕಂಡ ಮೇಲೆ ಪಾಯಿಂಟ್ ಮೇನ್ ಲೈನಿಗೆ ತಿರುಗಿಸಿ, ಬೀಗ ಹಾಕಿಸಿ, ಎದುರಿನದಕ್ಕೆ ಒಳಬರಲು ಸಿಗ್ನಲ್ ಇಳಿಸುವುದು. ರಿಜಿಸ್ಟರಿನಲ್ಲಿ ಪ್ರತಿಯೊಂದರ ಗಂಟೆ, ನಿಮಿಷ ಬರೆಯುವುದು. ನಿಂತ ಗಾಡಿಯ ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿ ನಮ್ಮನ್ನು ಶಪಿಸುವುದು ಆ ಕೆಲಸದ ಭಾಗವೇ ಆಗಿತ್ತು.

ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸಿಗೆ ಗುಂಡು ಕೊಡುವುದು ಬೇರೆಯದೇ ಕಸುಬು. ದೊಡ್ಡ ಬೆತ್ತದ ಬಳೆಗೆ ಚರ್ಮದ ಚೀಲ ಕಟ್ಟಿ, ಅದರಲ್ಲಿ ಗುಂಡು ಹಾಕಿ, ಪಟ್ಟಿ ಬಿಗಿದು ಪಾಯಿಂಟ್ಸ್‌ಮನ್ನನ ಕೈಗೆ ಕೊಡುತ್ತಿದ್ದೆ. ಅವನು ಪಂಜು ಹಚ್ಚಿಕೊಂಡು ಹಳಿಯ ಪಕ್ಕ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದ. ಎಂಜಿನ್ನಿನಿಂದ ಬಾಗಿದ ಫೈರ್‌ಮನ್ ಹಿಂದಿನ ನಿಲ್ದಾಣದಲ್ಲಿ ಪಡೆದ ಬಳೆಯನ್ನು ಕೆಳಗೆ ಎಸೆದು, ನಮ್ಮ ಬಳೆಯೊಳಗೆ ತೋಳು ತೂರಿಸಿ ಎತ್ತಿಕೊಳ್ಳುತ್ತಿದ್ದ.

ಸೇವೆಯ ಎರಡನೆಯ ವರ್ಷ, ಊರ ಹೆಸರು ಬೇಡ, ಇದೇ ಮಾರ್ಗದ ಒಂದು ನಿಲ್ದಾಣದಲ್ಲಿ ನಾನು ಆ ಪಟ್ಟಿ ಬಿಗಿಯುವುದನ್ನೇ ಮರೆತೆ. ಕಂಟ್ರೋಲ್ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು ಎಂಬುದು ಕಾರಣವಲ್ಲ, ನೆಪ. ಫೈರ್‌ಮನ್ ಬಳೆಯನ್ನು ಸರಿಯಾಗಿಯೇ ಹಿಡಿದ. ಚೀಲ ಬೀಸಿ ಎಂಜಿನ್ನಿನ ಮೆಟ್ಟಿಲಿಗೆ ಬಡಿದಾಗ ಗುಂಡು ಹಾರಿತು. ಖಾಲಿ ಚೀಲ ನೋಡಿ ಡ್ರೈವರ್ ಬ್ರೇಕ್ ಹಾಕಿದ. ಇಡೀ ಗಾಡಿ ಕತ್ತಲಲ್ಲಿ ನಿಂತು ಉದ್ದಕ್ಕೆ ಸೀಟಿ ಹೊಡೆಯತೊಡಗಿತು. ನನ್ನ ಕೈಕಾಲು ತಣ್ಣಗಾದವು. ಮೂವತ್ತು ವರ್ಷ ಸೇವೆ ಮಾಡಿದ್ದ ಹಿರಿಯ ಪಾಯಿಂಟ್ಸ್‌ಮನ್ ಮಾತ್ರ ನಿಂತಲ್ಲೇ ಕಣ್ಣು ಮುಚ್ಚಿಕೊಂಡು, “ಗಾಬರಿ ಬೀಳಬೇಡಿ ಸಾರ್, ಕಲ್ಲಿಗೆ ಬಿದ್ದಿದ್ರೆ ಟಣ್ ಅಂತಿತ್ತು. ಮೆತ್ತಗೆ ಬಿದ್ದದೆ” ಎಂದರು. ಹಳಿಯ ಬದಿಯಲ್ಲಿ ಮೆತ್ತಗಿದ್ದದ್ದು ಪಕ್ಕದ ತೋಟದವರು ಬೇಲಿಯಾಚೆ ಒಟ್ಟಿದ್ದ ತೆಂಗಿನ ಮಟ್ಟೆಯ ರಾಶಿ ಒಂದೇ. ಇಬ್ಬರೂ ಲಾಟೀನು ಹಿಡಿದು ಬೇಲಿ ಹಾರಿ ಒಂದೊಂದೇ ಮಟ್ಟೆ ಕಿತ್ತೆಸೆದೆವು. ಇಪ್ಪತ್ತೆರಡು ನಿಮಿಷದ ಮೇಲೆ ಗುಂಡು ಸಿಕ್ಕಿತು. ವಿವರಣೆ ಕೇಳಿ ಬಂದ ಕಾಗದಕ್ಕೆ ಪಟ್ಟಿ ಬಿಗಿದಿರಲಿಲ್ಲ ಎಂದೇ ಬರೆದೆ. ಆ ದಿನದಿಂದ ಪಟ್ಟಿ ಬಿಗಿದ ಮೇಲೆ ಚೀಲವನ್ನು ತಲೆಕೆಳಗೆ ಮಾಡಿ ಮೂರು ಸಲ ಕೊಡವುವುದು ನನ್ನ ಅಭ್ಯಾಸವಾಯಿತು. ನಿವೃತ್ತಿಯ ನಂತರವೂ ಮನೆಯಲ್ಲಿ ತರಕಾರಿ ಚೀಲ ಕಟ್ಟಿದಾಗ ಕೈ ತಾನಾಗಿ ಹಾಗೆ ಮಾಡುತ್ತದೆ. ಮನೆಯವರಿಗೆ ಅದೊಂದು ನಗೆ.

ಅರಸೀಕೆರೆಯಲ್ಲಿ ನಾನು ಕೆಲಸ ಮಾಡಿದ್ದು ಕೆಲವೇ ತಿಂಗಳು. ಜಂಕ್ಷನ್ ಎಂದರೆ ಕ್ರಾಸಿಂಗ್ ಸ್ಟೇಷನ್ನಿನ ದೊಡ್ಡಣ್ಣ ಎಂದುಕೊಂಡು ಹೋದವನಿಗೆ ಅದು ಬೇರೆಯೇ ಲೋಕವಾಗಿ ಕಂಡಿತು. ಮೈಸೂರಿನಿಂದ ಹಾಸನದ ಮೂಲಕ ಬರುವ ಮಾರ್ಗ 1918ರಲ್ಲಿ ಇಲ್ಲಿ ಕೂಡಿಕೊಂಡಿತ್ತು. ಸಣ್ಣ ನಿಲ್ದಾಣದಲ್ಲಿ ಗಾಡಿಗಳು ಒಂದನ್ನೊಂದು ತಪ್ಪಿಸಿಕೊಂಡು ಹೋಗಬೇಕು. ಜಂಕ್ಷನ್ನಿನಲ್ಲಿ ಅವು ಒಂದನ್ನೊಂದು ಕಾಯಬೇಕು. ಹಾಸನದ ಗಾಡಿ ತಡವಾದರೆ ಬೆಂಗಳೂರಿನದನ್ನು ಎಷ್ಟು ಹೊತ್ತು ಹಿಡಿಯುವುದು, ಮೇಲುಸೇತುವೆ ಹತ್ತಿ ಓಡಿಬರುತ್ತಿರುವ ಮುದುಕಿಗಾಗಿ ಹಸಿರು ಬಾವುಟವನ್ನು ಇನ್ನರ್ಧ ನಿಮಿಷ ಮಡಿಸಿಟ್ಟುಕೊಳ್ಳಬಹುದೇ ಎಂಬುದೇ ಅಲ್ಲಿನ ನಿತ್ಯದ ತಲೆನೋವು. ವೈ.ಪಿ. ಮತ್ತು ವೈ.ಜಿ. ಉಗಿ ಎಂಜಿನ್ನುಗಳು ಅಲ್ಲಿ ನೀರು ತುಂಬಿಸಿಕೊಳ್ಳುವಷ್ಟರಲ್ಲಿ ಜನ ತಿಂಡಿ ಮುಗಿಸುತ್ತಿದ್ದರು. ನನಗೆ ಸಣ್ಣ ಸ್ಟೇಷನ್ನೇ ಒಗ್ಗಿತ್ತು. ವರ್ಗ ಕೇಳಿ ಪಡೆದು ವಾಪಸು ಬಂದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಒಂದು ಮೀಟರ್ ಅಗಲದ ಹಳಿ 1,676 ಮಿಲಿಮೀಟರ್ ಆಯಿತು. ತಿಪಟೂರಿನ ಕೊಬ್ಬರಿಯನ್ನೂ ಅಮ್ಮಸಂದ್ರದ ಸಿಮೆಂಟನ್ನೂ ದಾರಿಯಲ್ಲಿ ಬೇರೆ ಗೇಜಿನ ಡಬ್ಬಿಗೆ ಇಳಿಸಿ ಏರಿಸುವ ಗೋಳು ತಪ್ಪಿತು. ಈಗ ಮಾರ್ಗ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿ ಎಳೆದಿದ್ದಾರೆ. ಎದುರಿನ ಗಾಡಿಗೆ ತನ್ನದೇ ಹಳಿ ಇರುವುದರಿಂದ ಕ್ರಾಸಿಂಗ್ ಎಂಬ ಮಾತೇ ಇಲ್ಲಿ ಅಳಿದಿದೆ. ಇನ್ನು ಸಣ್ಣ ನಿಲ್ದಾಣಗಳಿಗೆ ಕೆಲಸವಿಲ್ಲ ಎಂದೇ ನಾನು ತಿಳಿದಿದ್ದೆ.

ಕಳೆದ ವರ್ಷ ಅದೇ ಮೊಮ್ಮಗನ ಜೊತೆ ಪ್ಯಾಸೆಂಜರ್ ಗಾಡಿಯಲ್ಲಿ ತಿಪಟೂರಿಗೆ ಹೊರಟಿದ್ದೆ. ಒಂದು ಸಣ್ಣ ನಿಲ್ದಾಣಕ್ಕೆ ಬರುವಾಗ ಚಕ್ರಗಳ ಸದ್ದು ಬದಲಾಯಿತು, ಡಬ್ಬಿ ಒಂದಿಷ್ಟು ಎಡಕ್ಕೆ ವಾಲಿತು. ಲೂಪಿಗೆ ಹಾಕಿದರು ಎಂದು ಕುಳಿತಲ್ಲೇ ತಿಳಿಯಿತು. ಎದುರಿನ ಸೀಟಿನವರು ಎಂದಿನಂತೆ ಬೈಯತೊಡಗಿದರು. ಹದಿನೈದು ನಿಮಿಷದ ಮೇಲೆ ಹಿಂದಿನಿಂದ ಬಂದ ವೇಗದ ರೈಲೊಂದು ಮೇನ್ ಲೈನಿನಲ್ಲಿ ನಮ್ಮನ್ನು ದಾಟಿ ಹೋಯಿತು. ಪ್ಲಾಟ್‌ಫಾರ್ಮಿನ ಮೇಲೆ ಹುಡುಗನಂತೆ ಕಾಣುವ ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಚಾಚಿ ನಿಂತಿದ್ದರು. ಆ ರೈಲಿನ ಕೊನೆಯ ಡಬ್ಬಿ ಸರಿದಾಗ ಅವರ ಕಣ್ಣು ಹೋಗಿದ್ದೂ ಅದರ ಬೆನ್ನಿಗೇ, ನನ್ನ ಕಣ್ಣು ಹೋಗಿದ್ದೂ ಅಲ್ಲಿಗೇ.